ಆರಾಧ್ಯರ ಕಟ್ಟಡಕ್ಕೆ ನಾನು ಕೊಟ್ಟ ಸರ್ಟಿಫಿಕೇಟು

ನಮ್ಮ ಊರಿನಲ್ಲಿ ಹೆಣ್ಣು ಕೇಳಲು ಬಂದವರು ಮೊದಲು ವಿಚಾರಿಸುವುದು ಮನೆಯ ವಿಷಯ. "ನಿಮ್ಮದು ಆಗಿದೆಯಾ?" ಎನ್ನುತ್ತಾರೆ. ಆಗಿದೆ ಎಂದರೆ ಬೆಂಕಿ ಬಂದು ಹೋಗಿದೆ ಎಂದು ಅರ್ಥ. ಇಲ್ಲಿ ಪ್ರತಿ ಕಟ್ಟಡಕ್ಕೂ ಒಂದು ಸಲ ಬೆಂಕಿ ಬರುತ್ತದೆ, ಒಂದೇ ಸಲ. ಗುಡಿಸಲಾದರೂ ಅಷ್ಟೆ, ಪುರಸಭೆಯಾದರೂ ಅಷ್ಟೆ. ಗೃಹಪ್ರವೇಶದ ಮರುದಿನವೇ ಬರಬಹುದು, ಅರವತ್ತು ವರ್ಷ ಕಾಯಿಸಲೂಬಹುದು. ಬಂದು ಹೋದ ಮೇಲೆ ಆ ಕಟ್ಟಡದೊಳಗೆ ಮತ್ತೆ ಏನೂ ಹೊತ್ತಿಕೊಳ್ಳುವುದಿಲ್ಲ. ಬೆಂಕಿಕಡ್ಡಿ ಗೀಚಿದರೆ ಪೆಟ್ಟಿಗೆಯ ಮೇಲೆ ಗೆರೆ ಬೀಳುತ್ತದೆ, ಅಷ್ಟೇ. ಒಲೆ ಉರಿಯುವುದಿಲ್ಲ, ಕರೆಂಟು ಒಲೆಯ ಸುರುಳಿಯೂ ಕೆಂಪಗಾಗುವುದಿಲ್ಲ. ಟ್ಯೂಬ್‌ಲೈಟು ಮಾತ್ರ ಉರಿಯುತ್ತದೆ. ಅದು ಯಾಕೆ ಎಂದು ಕೇಳಿದವರಿಗೆಲ್ಲ ಟ್ಯೂಬ್‌ಲೈಟು ನನ್ನ ವಿಭಾಗಕ್ಕೆ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದೇನೆ.

ನನ್ನ ವಿಭಾಗ ಬೆಂಕಿಕಡ್ಡಿ. ಇಪ್ಪತ್ತೆರಡು ವರ್ಷಗಳಿಂದ ನಾನು ಪುರಸಭೆಯಲ್ಲಿ ಕಡ್ಡಿ ಪರೀಕ್ಷಕಿ. ಹೆಸರು ಚಂದ್ರಪ್ರಭಾ, ಆದರೆ ಊರಿಗೆಲ್ಲ ನಾನು ಕಡ್ಡಿ ಮೇಡಂ. ಬೆಂಕಿ ಬಂದು ಹೋಗಿದೆ ಎಂದು ಯಾರಾದರೂ ಅರ್ಜಿ ಕೊಟ್ಟರೆ ಹೋಗಿ ಪರೀಕ್ಷಿಸಿ, ನಿಜವಾದರೆ ಸರ್ಟಿಫಿಕೇಟು ಕೊಡುವುದು ನನ್ನ ಕೆಲಸ. ಸರ್ಟಿಫಿಕೇಟು ಸಿಕ್ಕಿದವರು ಬೆಂಕಿಯ ನಿಯಮಗಳಿಗೆಲ್ಲ ಕೈಮುಗಿದು ಬಿಡಬಹುದು. ಇನ್ನೂ ಕಾಯುತ್ತಿರುವ ಕಟ್ಟಡಕ್ಕೆ ಎರಡು ಮೆಟ್ಟಿಲು ಇರಬೇಕು, ಬಾಗಿಲು ಹೊರಗೆ ತೆರೆಯಬೇಕು, ಕಿಟಕಿಗೆ ಸರಳು ಕೂಡದು, ಅಂತಸ್ತಿಗೊಂದು ಗಂಟೆ, ಬಾಗಿಲಿಗೊಂದು ಮರಳಿನ ಬಕೆಟ್ಟು. ಮೂರನೇ ಅಂತಸ್ತಿನಲ್ಲಿ ಎಂಟು ಜನಕ್ಕಿಂತ ಹೆಚ್ಚು ಸೇರುವ ಹಾಗಿಲ್ಲ. ತಿಂಗಳ ಮೊದಲ ಸೋಮವಾರ ಗಂಟೆ ಬಾರಿಸಿದಾಗ ಮದುಮಗಳಿಂದ ಹಿಡಿದು ಬಾಣಂತಿಯವರೆಗೆ ಎಲ್ಲರೂ ರಸ್ತೆಗೆ ಇಳಿದು ನಿಲ್ಲಬೇಕು. ಆದ ಕಟ್ಟಡದವರಿಗೆ ಇದ್ಯಾವುದೂ ಇಲ್ಲ. ಅವರ ಕಷ್ಟ ಬೇರೆ. ಅವರು ಅಡುಗೆಯನ್ನು ಬೀದಿಯಲ್ಲಿ ಮಾಡಿಕೊಳ್ಳಬೇಕು. ಬೆಳಿಗ್ಗೆ ಏಳಕ್ಕೆ ನಮ್ಮ ಪೇಟೆಗೆ ಬಂದರೆ ಎರಡೂ ಬದಿ ಒಲೆಗಳ ಸಾಲು ಕಾಣುತ್ತದೆ. ಒಗ್ಗರಣೆ ಘಾಟಿಗೆ ಸೀನುತ್ತ ಮಕ್ಕಳು ಶಾಲೆಗೆ ಹೋಗುತ್ತಾರೆ. ಮಹಡಿ ಮೇಲಿನವರು ತಣ್ಣಗಿನ ಸಾರು, ತಣ್ಣಗಿನ ಕಾಫಿಗೆ ಎಂದೋ ಒಗ್ಗಿಹೋಗಿದ್ದಾರೆ.

ಬೆಂಕಿ ತಾನಾಗಿ ಬರಬೇಕು, ಅದು ಮುಖ್ಯ. ಕೈಯಿಂದ ಹಚ್ಚಿದ್ದು ಲೆಕ್ಕಕ್ಕಿಲ್ಲ. ಹಾಗೆ ಉಪಾಯ ಹೂಡಿದ ಬುದ್ಧಿವಂತರ ಮನೆಗಳು ಎರಡೆರಡು ಸಲ ಸುಟ್ಟಿವೆ. ಅದಕ್ಕೇ ಪರೀಕ್ಷೆ. ಮೊದಲು ಬಾಗಿಲ ಹೊರಗೆ ರಸ್ತೆಯಲ್ಲಿ ನಿಂತು ಒಂದು ಕಡ್ಡಿ ಗೀಚಬೇಕು. ಅದು ಹೊತ್ತಿದರೆ ಪೆಟ್ಟಿಗೆ ಚೆನ್ನಾಗಿದೆ ಎಂದು ಖಾತ್ರಿ. ಆಮೇಲೆ ಒಳಗೆ ಹೋಗಿ ಕೋಣೆಗೆ ಮೂರು ಕಡ್ಡಿ ಗೀಚಬೇಕು. ಒಂದೂ ಹೊತ್ತದಿದ್ದರೆ ಆಗಿದೆ. ಹೊರಗಿನ ಕಡ್ಡಿಯ ನಿಯಮವನ್ನು ಸೇರಿಸಿದ್ದು ನಾನೇ. ಹೊಸಬರಿಗೆ ತರಬೇತಿ ಕೊಡುವಾಗ ಅದನ್ನು ಕಡ್ಡಿ ಮುರಿದ ಹಾಗೆ ಹೇಳುತ್ತಿದ್ದೆ. ಮರೆತು ಬಂದ ಒಬ್ಬನನ್ನು ಬಿಸಿಲಿನಲ್ಲಿ ಮೂರು ಕಿಲೋಮೀಟರು ವಾಪಸು ನಡೆಸಿದ್ದೇನೆ. ನನ್ನ ಸ್ವಂತ ಭಾವನ ಮನೆಗೆ, ಮದುವೆಗೆ ಹತ್ತು ದಿನ ಇರುವಾಗ, ಸರ್ಟಿಫಿಕೇಟು ಕೊಡದೆ ಬಂದಿದ್ದೇನೆ. ಊರಿನಲ್ಲಿ ನನ್ನ ಸಹಿ ಎಂದರೆ ದೇವರ ಮೇಲಿನ ಹೂವಿನಷ್ಟು ಭಕ್ತಿ. ಅದು ನನಗೆ ಇಷ್ಟವೇ ಇತ್ತು, ಸುಳ್ಳು ಯಾಕೆ ಹೇಳಲಿ.

ನಂಜುಂಡಾರಾಧ್ಯರ ಕಟ್ಟಡ ಪೇಟೆಯ ನಡುಮಧ್ಯೆ ಇದೆ. ಕೆಳಗೆ ಅವರದೇ ಹತ್ತಿ ಅಂಗಡಿ, ನಡುವಿನ ಅಂತಸ್ತಿನಲ್ಲಿ ನೋಟ್‌ಬುಕ್ಕಿನ ದಾಸ್ತಾನು, ಮೇಲೆ ಖಾಲಿ ಬಿದ್ದಿದ್ದ ದೊಡ್ಡದೊಂದು ಹಾಲು. ಮುಂದುಗಡೆ ಕಲ್ಲಿನ ಮೆಟ್ಟಿಲು, ಹಿಂದುಗಡೆ ಗೋಡೆಗೆ ಅಂಟಿಕೊಂಡ ಹಾಗೆ ಕಬ್ಬಿಣದ ಮೆಟ್ಟಿಲು. ಹೋದ ಆಷಾಢದಲ್ಲಿ ಅಂಗಡಿಯ ಎರಡು ಮೂಟೆ ಹತ್ತಿ ಸುಟ್ಟಿತು. ಕಟ್ಟಡಕ್ಕೆ ಆಯಿತು ಎಂದು ಅರ್ಜಿ ಬಂತು. ಕೂಲಿಯವನ ಬೀಡಿ ತಗಲಿತ್ತೋ, ಬೇರೆ ಏನಾದರೂ ನಡೆದಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಹೋದ ದಿನ ಮಳೆ ಹುಚ್ಚು ಹಿಡಿದ ಹಾಗೆ ಸುರಿಯುತ್ತಿತ್ತು. ಚಪ್ಪಲಿ ಕಿತ್ತು ಹೋಗಿತ್ತು. ಆರಾಧ್ಯರು ಬಾಗಿಲಲ್ಲೇ ಕಾಯುತ್ತಿದ್ದರು. ಅವರ ಪಕ್ಕದಲ್ಲಿ ನನ್ನ ಅಕ್ಕ ಮನೋರಮಾ ನಿಂತಿದ್ದಳು. ಶಾಲೆಯ ಸಮವಸ್ತ್ರ ಹೊಲಿಸುವವಳು ಅವಳು, ಇಪ್ಪತ್ತಾರು ಹೆಂಗಸರು ಅವಳ ಕೈಕೆಳಗೆ. ಕೂರಿಸಲು ಜಾಗವಿಲ್ಲದೆ ಎರಡು ವರ್ಷ ಅಲೆದಿದ್ದಳು. ಸರ್ಟಿಫಿಕೇಟು ಸಿಕ್ಕಿದರೆ ಮೇಲಿನ ಹಾಲು ಅವಳಿಗೆ ಎಂದು ಮಾತಾಗಿತ್ತು. "ಬಾರೇ ಪ್ರಭಾ, ಒಳಗೆ ಬಾ, ನೆಂದು ತೊಪ್ಪೆಯಾಗಿದ್ದೀಯ" ಎಂದಳು. ನಾನು ಒಳಗೆ ಹೋದೆ. ಕೋಣೆಗೆ ಮೂರರಂತೆ ಗೀಚಿದೆ. ಒಂದೂ ಹೊತ್ತಲಿಲ್ಲ. ನಮೂನೆ ಹನ್ನೊಂದರಲ್ಲಿ ಬರೆದು, ಸಹಿ ಹಾಕಿ, ಸೀಲು ಒತ್ತಿ ಕೊಟ್ಟೆ.

ಏಳು ತಿಂಗಳು ಕಳೆದವು. ಮಾಘದಲ್ಲಿ ಒಂದು ದಿನ ಅಳತೆ ಕೊಟ್ಟ ರವಿಕೆ ಆಗಿದೆಯಾ ನೋಡೋಣ ಎಂದು ಅಕ್ಕನ ಹಾಲಿಗೆ ಹತ್ತಿದೆ. ಹೆಂಗಸರೆಲ್ಲ ಎದ್ದು ನಿಂತರು. ರತ್ನಾಬಾಯಿ ಎಂಬ ಕಾಜಾ ಹೊಲಿಯುವ ಹೆಂಗಸು ಓಡಿಹೋಗಿ ಲೋಟದಲ್ಲಿ ಟೀ ತಂದುಕೊಟ್ಟಳು. ಕೈಗೆ ತೆಗೆದುಕೊಂಡವಳೇ "ಅಯ್ಯಪ್ಪಾ" ಎಂದು ಸೆರಗು ಹಿಡಿದೆ. ಲೋಟ ಸುಡುತ್ತಿತ್ತು.

"ಎಲ್ಲಿಂದ ತಂದ್ರಿ ಇದನ್ನ?" ಎಂದೆ.

"ಇಲ್ಲೇ ಮೇಡಂ, ಆ ಮೂಲೆನಾಗೆ ಸ್ಟವ್ ಇಟ್ಕೊಂಡಿದ್ದೀವಲ್ಲ" ಎಂದಳು ರತ್ನಾಬಾಯಿ, ಹೆಮ್ಮೆಯಿಂದ. "ಈ ಕಟ್ಟಡ ಆಗಿದ್ರೂನೂ ಇಲ್ಲಿ ಒಲೆ ಹತ್ತುತ್ತೆ. ಇಡೀ ಊರಿಗೆ ಇದೊಂದೇ ಹಿಂಗೆ. ನಮ್ಮ ಪುಣ್ಯ."

ನಾನು ಸ್ಟವ್ವಿನ ಪಕ್ಕದಲ್ಲಿದ್ದ ಪೆಟ್ಟಿಗೆ ತೆಗೆದು ಒಂದು ಕಡ್ಡಿ ಗೀಚಿದೆ. ಅದು ಚೆನ್ನಾಗಿ ಹೊತ್ತಿ, ಬೆರಳಿನವರೆಗೆ ಉರಿದು ಬಂತು. ಆಷಾಢದ ಆ ಮಳೆ, ನನ್ನ ಚೀಲದಲ್ಲಿ ನೀರು ಕುಡಿದು ಕೂತಿದ್ದ ಪೆಟ್ಟಿಗೆ, ನಾನು ಹೊರಗೆ ಗೀಚದೆ ಬಿಟ್ಟ ಆ ಒಂದು ಕಡ್ಡಿ, ಎಲ್ಲ ಒಟ್ಟಿಗೆ ನೆನಪಾದವು. ಹಿಂದಿನ ಬಾಗಿಲು ಎಲ್ಲಿ ಎಂದು ನೋಡಿದೆ. ಬಾಗಿಲಿರಲಿಲ್ಲ. ಅಲ್ಲಿ ಇಟ್ಟಿಗೆ ಗೋಡೆ ಎದ್ದಿತ್ತು, ಅದಕ್ಕೆ ಸುಣ್ಣ ಬಳಿದು ದಾರದ ಉಂಡೆಗಳ ಶೆಲ್ಫು ಹೊಡೆದಿದ್ದರು. ಕಿಟಕಿಗೆ ಸರಳು ಬಂದಿತ್ತು. ಗಂಟೆಯ ಜಾಗದಲ್ಲಿ ಕ್ಯಾಲೆಂಡರು. ಎಲ್ಲವೂ ಕಾನೂನು ಪ್ರಕಾರವೇ, ನನ್ನ ಸಹಿಯ ಬಲದ ಮೇಲೆ. ಕೆಳಗೆ ಹತ್ತಿ, ನಡುವೆ ಕಾಗದ, ಮೇಲೆ ಇಪ್ಪತ್ತೇಳು ಜನ, ಇಳಿಯಲು ಮುಂದಿನ ಮೆಟ್ಟಿಲು ಒಂದೇ.

"ಈ ಕಟ್ಟಡ ಆಗಿಲ್ಲ" ಎಂದೆ. "ನಾನು ತಪ್ಪು ಮಾಡಿದೀನಿ. ಎಲ್ಲರೂ ಇಳೀರಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಕಡ್ಡಿ ಮೇಡಂ ತಮಾಷೆ ಮಾಡಿದ್ದನ್ನು ಅವರು ಅದುವರೆಗೆ ನೋಡಿರಲಿಲ್ಲ. ಅಕ್ಕ ಮಾತ್ರ ನಗಲಿಲ್ಲ. ಬಗ್ಗಿಸಿದ ತಲೆ ಎತ್ತದೆ ಮಷಿನ್ ತುಳಿಯುತ್ತಲೇ ಇದ್ದಳು.

ನಾನು ನೇರವಾಗಿ ಆರಾಧ್ಯರ ಹತ್ತಿರ ಹೋದೆ. ಅವರು ತಕ್ಕಡಿಯ ಪಕ್ಕ ದಿಂಬಿಗೆ ಒರಗಿ ಕೂತಿದ್ದರು. "ಬಾಗಿಲು ಮುಚ್ಚಿಸಬೇಕು ಅಂತ ನಾನ್ ಯಾವತ್ತಾದ್ರೂ ಕನಸು ಕಂಡಿದ್ನಾ ಅಮ್ಮಾವ್ರೆ? ನೀವು ಬರೆದು ಕೊಟ್ರಿ, ನಾನು ಮುಚ್ಚಿಸ್ದೆ" ಎಂದರು. "ಹಿಂದಿನ ಕಬ್ಬಿಣದ ಮೆಟ್ಟಿಲೂ ಗುಜರಿಗೆ ಹೇಳಿಬಿಟ್ಟಿದೀನಿ. ಅವನು ಬರೋದೇ ತಡ." ಮೇಲೆ ಒಲೆ ಹತ್ತುತ್ತಿದೆ ಎಂದೆ. ಅವರು ಕೈ ಮೇಲೆತ್ತಿ ಮುಗಿದರು. "ಅದು ನಮ್ಮ ತಾತನವರ ಪೂಜಾಫಲ" ಎಂದರು.

ಮುಖ್ಯಾಧಿಕಾರಿ ಗಂಗಾಧರಮೂರ್ತಿಯವರಿಗೆ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ, ಯಾವ ಕಾಗದಕ್ಕೂ ನೋವಾಗಬಾರದು ಎನ್ನುವ ಮನುಷ್ಯ. ಪೂರ್ತಿ ಕೇಳಿಸಿಕೊಂಡು ಕನ್ನಡಕ ಒರೆಸಿಕೊಂಡರು.

"ಸರ್ಟಿಫಿಕೇಟು ಕೊಡೋದಕ್ಕೆ ನಮೂನೆ ಹನ್ನೊಂದು ಇದೆ. ವಾಪಸ್ ತಗೊಳ್ಳೋದಕ್ಕೆ ಯಾವ ನಮೂನೆ?"

"ಇಲ್ಲ ಸಾರ್."

"ನೋಡಿ ಮತ್ತೆ. ಇಲ್ಲದ್ದನ್ನ ನಾನೆಲ್ಲಿಂದ ತರಲಿ?" ಕನ್ನಡಕ ಮತ್ತೆ ಹಾಕಿಕೊಂಡು, ನನಗೆ ಸಮಾಧಾನ ಹೇಳುವ ದನಿಯಲ್ಲಿ ಮುಂದುವರಿಸಿದರು. "ಯಾಕಿಷ್ಟು ತಲೆ ಕೆಡಿಸ್ಕೋತೀರಿ? ಬೆಂಕಿ ಎಂದಾದರೂ ಬಂದೇ ಬರುತ್ತೆ ತಾನೆ? ಬಂದ ದಿನ ನಿಮ್ಮ ಸರ್ಟಿಫಿಕೇಟು ತಾನಾಗೇ ಸರಿಹೋಗುತ್ತೆ."

ನಾನು ಕುರ್ಚಿಯಿಂದ ಏಳಲಿಲ್ಲ. ಮೇಲಿರುವ ಇಪ್ಪತ್ತೇಳು ಜನರ ಹೆಸರನ್ನು ಒಂದೊಂದಾಗಿ ಹೇಳತೊಡಗಿದೆ. ಒಂಬತ್ತನೇ ಹೆಸರಿಗೆ ಬರುವಷ್ಟರಲ್ಲಿ ಅವರು ನನ್ನ ಆರೋಗ್ಯದ ದೃಷ್ಟಿಯಿಂದ ಎಂದು ಬರೆದು ಒಂದು ತಿಂಗಳ ರಜೆ ಮಂಜೂರು ಮಾಡಿದರು. ಅದಕ್ಕೆ ನಮೂನೆ ಇತ್ತು.

ಮರುದಿನ ಮತ್ತೆ ಮೂರನೇ ಅಂತಸ್ತು ಹತ್ತಿದೆ. ಈ ಸಲ ಎಲ್ಲರನ್ನೂ ಮಷಿನ್ ನಿಲ್ಲಿಸಲು ಹೇಳಿ, ನಡುವೆ ನಿಂತು, ಆಷಾಢದ ದಿನ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಮರ್ಯಾದೆಯಿಂದ ಕೇಳಿದರು. ಕೇಳಿ ಮುಗಿದ ಮೇಲೆ ರತ್ನಾಬಾಯಿ ಅಂದಳು, "ನೀವು ಹಂಗೆ ಮಾಡೋರೇ ಅಲ್ಲ ಬಿಡಿ ಮೇಡಂ. ಸ್ವಂತ ಭಾವನ ಮನೆಗೇ ಕೊಡಲಿಲ್ಲವಂತೆ ನೀವು."

"ನಾನು ತಪ್ಪು ಮಾಡ್ತೀನಿ ರತ್ನಾಬಾಯಿ. ಎಲ್ಲರ ಹಾಗೆ ಮಾಡ್ತೀನಿ."

"ಇನ್ಯಾವ ತಪ್ಪು ಮಾಡಿದೀರಿ ಹೇಳಿ ನೋಡಾಣ?"

ಹೇಳಬೇಕಾಯಿತು. ಹುಡುಗಿಯಾಗಿದ್ದಾಗ ಅಕ್ಕನ ಹೊಸ ಲಂಗದ ಮೇಲೆ ಇಸ್ತ್ರಿಪೆಟ್ಟಿಗೆ ಮರೆತಿಟ್ಟದ್ದು ಹೇಳಿದೆ. ಬೇರೆಯವರ ಮದುವೆಗೆ ಹೋಗಿ ಉಡುಗೊರೆ ಕೊಟ್ಟು, ಊಟ ಮಾಡಿ, ಕೈ ತೊಳೆಯುವಾಗ ಮನೆ ತಪ್ಪಿದ್ದು ಗೊತ್ತಾದದ್ದು ಹೇಳಿದೆ. ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಇಷ್ಟು ಸಣ್ಣ ತಪ್ಪನ್ನೂ ಒಪ್ಪಿಕೊಳ್ಳುವವರು ದೊಡ್ಡದನ್ನು ಮಾಡಿರಲಾರರು ಎಂದು ಅವರಿಗೆ ಇನ್ನಷ್ಟು ಖಾತ್ರಿಯಾಯಿತು. ಕಡ್ಡಿ ಹೊತ್ತಿಸಿ ತೋರಿಸಿದೆ. ಅದು ಪುಣ್ಯದ ಬಾಬತ್ತಿಗೆ ಹೋಯಿತು. ಇಪ್ಪತ್ತೆರಡು ವರ್ಷ ನಾನು ಕಷ್ಟಪಟ್ಟು ಗಳಿಸಿದ ಹೆಸರು ಆ ಹೆಂಗಸರನ್ನು ಅಲ್ಲಿ ಕೂರಿಸಿತ್ತು, ಅದನ್ನು ಹಾಳುಮಾಡಿಕೊಳ್ಳಲು ನನ್ನಿಂದ ಆಗಲಿಲ್ಲ. ಮೆಟ್ಟಿಲಿಳಿಯುವಾಗ ಅಳು ಬಂತು. ಸೆರಗಿನಿಂದ ಮೂಗು ಒರೆಸಿಕೊಂಡು ಮನೆಗೆ ಬಂದೆ.

ಸಂಜೆ ಅಕ್ಕ ಬಂದಳು. ಒಳಗೆ ಬಂದು ಕೂರಲಿಲ್ಲ, ಬಾಗಿಲ ಚೌಕಟ್ಟಿಗೆ ಆತು ನಿಂತಳು.

"ನನ್ನ ಹೊಲಿಗೆ ಅಂಗಡಿ ಮುಚ್ಚಿಸಬೇಕು ಅಂತಾನೇ ಮಾಡಿದೀಯೇನೆ?" ಎಂದಳು. "ಎರಡು ವರ್ಷ ನಾಯಿ ಹಂಗೆ ಅಲೆದಿದೀನಿ ಪ್ರಭಾ ನಾನು, ಒಂದು ಹಾಲಿಗೆ."

"ಅವರು ಸುಟ್ಟು ಹೋಗ್ತಾರೆ ಅಕ್ಕ. ನೀನೂ ಹೋಗ್ತೀಯ. ನಾನು ಹೇಳಿದ್ರೆ ಅವರು ನಂಬೋದಿಲ್ಲ, ಏನು ಮಾಡಲಿ ಹೇಳು."

ಅಕ್ಕ ಚೌಕಟ್ಟಿನ ಬಣ್ಣವನ್ನು ಉಗುರಿನಿಂದ ಕೆರೆಯುತ್ತ ಅಂದಳು, "ನಾನು ನೋಡ್ದೆ ಕಣೇ."

"ಏನನ್ನ?"

"ಆವತ್ತು ನೀನು ಹೊರಗೆ ಗೀಚಲಿಲ್ಲ. ಬಾಗಿಲಲ್ಲೇ ನಿಂತಿದ್ನಲ್ಲ ನಾನು. ಹೇಳೋಣ ಅಂತ ಬಾಯಿ ತೆರೆದೆ. ಹಾಲು ಕೈತಪ್ಪುತ್ತೆ ಅನ್ನಿಸ್ತು. ಒಳಗೆ ಬಾ, ನೆಂದಿದ್ದೀಯ ಅಂದುಬಿಟ್ಟೆ." ಬಣ್ಣದ ಚೂರು ಕೆಳಗೆ ಉದುರಿತು. "ಸ್ಟವ್ ಹತ್ತಿದ ದಿನ ನನಗೆ ಗೊತ್ತಾಯ್ತು. ಅವರೆಲ್ಲ ಪುಣ್ಯ ಪುಣ್ಯ ಅಂತಿದ್ರು, ನಾನೂ ಹೂಂ ಅಂದೆ. ಏಳು ತಿಂಗಳಿಂದ ದಿನಾ ಎಲ್ಲರೂ ಇಳಿದು ಹೋದಮೇಲೆ ಎಣಿಸ್ಕೊಂಡು ಬೀಗ ಹಾಕ್ತಿದೀನಿ."

ನನಗೆ ಅವಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಬಾರಿಸಲು ಅವಳು ದೊಡ್ಡವಳು, ಮೇಲಾಗಿ ಕಡ್ಡಿ ಗೀಚಬೇಕಾಗಿದ್ದವಳು ನಾನು. ಇಬ್ಬರೂ ಬಾಗಿಲಲ್ಲೇ ಕೂತು ಸಮಾ ಅತ್ತೆವು. ಅತ್ತು ಮುಗಿದ ಮೇಲೆ ಅಕ್ಕ ಮುಖ ತೊಳೆದು, ಪಕ್ಕದ ಮನೆಯಿಂದ ಹಾರೆ ಇಸಿದುಕೊಂಡು ಹೋದಳು.

ಬೆಳಿಗ್ಗೆ ಅವಳು ಹೆಂಗಸರಿಗೆ ಏನು ಹೇಳಿದಳೋ ನಾನು ಕೇಳಲಿಲ್ಲ. ಅವಳ ಮಾತನ್ನು ಅವರು ಒಂದೇ ಸಲಕ್ಕೆ ನಂಬಿದರು. ಹತ್ತು ತಿಂಗಳ ಕೂಸಿದ್ದ ಒಬ್ಬಳು ಅಕ್ಕನ ಮುಖಕ್ಕೆ ಕತ್ತರಿ ಎಸೆದಳಂತೆ, ಅದು ತಾಗಲಿಲ್ಲ. ಏಳು ಜನ ಕೆಲಸ ಬಿಟ್ಟು ಹೋದರು. ಬೇರೆ ಕಡೆ ಕೆಲಸ ಸಿಗದೆ ಮೂರನೇ ದಿನ ವಾಪಸು ಬಂದರು. ಅಷ್ಟರಲ್ಲಿ ಉಳಿದವರು ಶೆಲ್ಫು ಕಿತ್ತು, ಹಾರೆಯಿಂದ ಇಟ್ಟಿಗೆ ಮೀಟಿ, ಬಗ್ಗಿದರೆ ಒಬ್ಬರು ದಾಟುವಷ್ಟು ಕಂಡಿ ಮಾಡಿದ್ದರು. ಆರಾಧ್ಯರಿಗೆ ಕೇಳಿಸಬಾರದೆಂದು ಇಟ್ಟಿಗೆ ಬೀಳುವಾಗಲೆಲ್ಲ ಎಲ್ಲ ಮಷಿನ್ನುಗಳನ್ನು ಒಟ್ಟಿಗೆ ಓಡಿಸುತ್ತಿದ್ದರು. ಕಿತ್ತ ಇಟ್ಟಿಗೆಗಳು ಊಟದ ಬುಟ್ಟಿಗಳಲ್ಲಿ ಎರಡು ಮೂರರಂತೆ ಊರಿನ ಬೇರೆ ಬೇರೆ ಕೇರಿಗಳಿಗೆ ಹೋದವು. ಕಂಡಿಗೆ ಖಾಕಿ ಬಟ್ಟೆಯ ಪರದೆ ಬಿಟ್ಟರು. ದಿನಾ ಊಟಕ್ಕೆ ಮೊದಲು ಅಕ್ಕ ಕತ್ತರಿಯಿಂದ ಮೇಜು ಕುಟ್ಟಿದರೆ ಎಲ್ಲರೂ ಮಷಿನ್ ಬಿಟ್ಟು, ಪರದೆ ಸರಿಸಿ, ಹಿಂದಿನ ಕಬ್ಬಿಣದ ಮೆಟ್ಟಿಲು ಇಳಿದು ಓಣಿಯಲ್ಲಿ ನಿಲ್ಲಬೇಕು. ಮೊದಲ ದಿನ ಐದು ನಿಮಿಷ ಹಿಡಿಯಿತು. ಒಬ್ಬಳು ಚಪ್ಪಲಿ ಹುಡುಕುತ್ತಿದ್ದಳು. ಎರಡು ವಾರದಲ್ಲಿ ಎರಡು ನಿಮಿಷಕ್ಕೆ ಬಂತು. ಗುಜರಿಯವನಿಗೆ ನಾನೇ ಹೋಗಿ, ಆರಾಧ್ಯರು ಮನಸ್ಸು ಬದಲಿಸಿದ್ದಾರೆ ಎಂದು ಸುಳ್ಳು ಹೇಳಿ ಬಂದೆ. ಕೆಲಸಕ್ಕೆ ಸೇರಿದ ಮೇಲೆ ನಾನು ಬೇಕೆಂದೇ ಹೇಳಿದ ಮೊದಲ ಸುಳ್ಳು ಅದು, ಸಲೀಸಾಗಿ ಬಂತು.

ರಜೆ ಇತ್ತಲ್ಲ, ನಾನು ದಿನಾ ಎದುರಿನ ಶರಬತ್ತಿನ ಅಂಗಡಿಯ ಬೆಂಚಿನ ಮೇಲೆ ಕೂತು ಆ ಕಟ್ಟಡವನ್ನೇ ನೋಡುತ್ತಿದ್ದೆ. ಹದಿನೆಂಟನೇ ದಿನ, ಬೆಳಿಗ್ಗೆ ಹನ್ನೊಂದು ಗಂಟೆಗೆ, ನಡುವಿನ ಅಂತಸ್ತಿನ ಕಿಟಕಿ ಒಳಗಿನಿಂದ ಹಳದಿಯಾಯಿತು. ಬೀಡಿಯಿಲ್ಲ, ತಂತಿಯಿಲ್ಲ, ಒಂದು ಕಿಡಿಯೂ ಇಲ್ಲ. ಬಂತು, ಅಷ್ಟೆ. ನೋಟ್‌ಬುಕ್ಕಿನ ದಾಸ್ತಾನು ಒಟ್ಟಿಗೆ ಉಸಿರು ಬಿಟ್ಟ ಹಾಗೆ ಶಬ್ದವಾಗಿ ಮುಂದಿನ ಮೆಟ್ಟಿಲಿನ ತುಂಬ ಕರೀ ಹೊಗೆ ತುಂಬಿಕೊಂಡಿತು. ನಾನು ಕೂಗಿದ್ದು ಊರಿಗೆಲ್ಲ ಕೇಳಿಸಿತಂತೆ. ಓಡಿ ಹಿಂದಿನ ಓಣಿಗೆ ಹೋದೆ.

ಮೇಲಿನ ಪರದೆ ಆಗಲೇ ಸರಿದಿತ್ತು. ಒಬ್ಬೊಬ್ಬರೇ ಬಗ್ಗಿ ಹೊರಬಂದು, ಕಂಬಿ ಹಿಡಿದು, ದಡದಡ ಇಳಿದರು. ಯಾರೂ ಯಾರನ್ನೂ ತಳ್ಳಲಿಲ್ಲ. ನಾನು ಕೆಳಗೆ ನಿಂತು ಎಣಿಸಿದೆ. ರತ್ನಾಬಾಯಿ ಇಪ್ಪತ್ತಾರನೆಯವಳು. ಅವಳ ಹಿಂದೆ ಕಂಡಿಯಿಂದ ಹೊಗೆ ಬಂತು, ಅಕ್ಕ ಬರಲಿಲ್ಲ.

"ಎಲ್ಲಿ ಅಕ್ಕ?"

"ಆರಾಧ್ಯರು ಬಂದಿದ್ರು ಮೇಡಂ ಈಗ್ತಾನೆ, ಗಾರೆ ಕೆಲಸದೋನನ್ನ ಕರ್ಕೊಂಡು" ಎಂದಳು ರತ್ನಾಬಾಯಿ ಏದುಸಿರು ಬಿಡುತ್ತ. "ಯಾರೋ ಹೇಳ್ಬಿಟ್ಟವ್ರೆ, ಗೋಡೆ ಒಡೆದ್ರು ಅಂತ. ಮುಚ್ಚಿಸೋಕೆ ಬಂದ್ರು. ಹೊಗೆ ಬಂದಾಗ ಇತ್ತಕಡೆ ಬನ್ನಿ ಅಂದ್ರೆ ಮುಚ್ಚಿಸೋಕೆ ಬಂದೋರೇ ನಮ್ಮ ಗೋಡೆನಾಗೆ ತೂತೇ ಇಲ್ಲ ಅಂತ ಹಟ ಹಿಡಿದು ಅವನನ್ನೂ ಎಳ್ಕೊಂಡು ಮುಂದಿನ ಮೆಟ್ಲ ಕಡೆಗೆ ಓಡ್ಬಿಟ್ರು. ಅಕ್ಕೋರು ಅವರ ಹಿಂದೆ ಹೋದ್ರು."

ನಾನು ಮೆಟ್ಟಿಲು ಹತ್ತಿದೆ. ನಡುವಿನ ಅಂತಸ್ತಿನ ಹತ್ತಿರ ಕಂಬಿ ಒಲೆಯ ಮೇಲಿನ ಹೆಂಚಿನ ಹಾಗೆ ಕಾದಿತ್ತು, ಹಿಡಿಯಲಾಗಲಿಲ್ಲ. "ಅಕ್ಕಾ" ಎಂದು ಕಿರುಚಿದೆ. ಅವಳು ಸಾಯಬಾರದು, ನನ್ನ ಸಹಿಗೆ ಅವಳು ಸಾಯಬಾರದು ಎಂದು ಯಾವ ಯಾವ ದೇವರಿಗೋ ಹೇಳಿಕೊಂಡೆ. ಮೇಲೆ ಮೊದಲು ಕಾಣಿಸಿದ್ದು ಗಾರೆ ಕೆಲಸದವನ ಕಾಲು. ಅವನ ಹಿಂದೆ ಆರಾಧ್ಯರು, ಮುಖವೆಲ್ಲ ಮಸಿ, ಕಂಡಿಯಲ್ಲಿ ಹೊಟ್ಟೆ ಸಿಕ್ಕಿಕೊಂಡಿತ್ತು. ಒಳಗಿನಿಂದ ಯಾರೋ ಅವರ ಬೆನ್ನಿಗೆ ಗುದ್ದುತ್ತಿದ್ದರು. ಮೂರನೇ ಗುದ್ದಿಗೆ ಅವರು ಇಟ್ಟಿಗೆಯ ಸಮೇತ ಹೊರಗೆ ಬಿದ್ದರು. ಅವರ ಹಿಂದೆ ಅಕ್ಕ ಕೆಮ್ಮುತ್ತ ಬಂದಳು, ತೋಳಿನ ಮೇಲೆ ಅಂಗೈಯಗಲ ಸುಟ್ಟಿತ್ತು. ಕೆಳಗಿಳಿದು ನನ್ನ ಹೆಗಲು ಹಿಡಿದುಕೊಂಡು ಬಹಳ ಹೊತ್ತು ಕೆಮ್ಮಿದಳು.

ಓಣಿಯಲ್ಲಿ ಎಲ್ಲರೂ ಗೋಡೆಗೆ ಆತು ನಿಂತಿದ್ದೆವು. ಮೇಲೆ ಹಾಲು ಉರಿಯುತ್ತಿತ್ತು. ಗಾರೆ ಕೆಲಸದವನ ಕೈಯಲ್ಲಿ ಕರಣೆ ಇನ್ನೂ ಇತ್ತು, ಅದರ ತುದಿಯಲ್ಲಿ ಒಂದು ಹಿಡಿ ಸಿಮೆಂಟು. ಅವನು ಅದನ್ನೂ ಕಂಡಿಯನ್ನೂ ನೋಡಿ, ಕೆಲಸಕ್ಕೆ ಕರೆತಂದ ಧಣಿಯನ್ನು ವಿನಯದಿಂದ ಕೇಳಿದ.

"ಮುಚ್ಚಬೇಕಾ ಸ್ವಾಮೀ?"

ಆರಾಧ್ಯರು ಮುಖದ ಮಸಿ ಒರೆಸಿಕೊಂಡರು. "ಇರ್ಲಿ ಬಿಡು" ಎಂದರು.

"ಎಲ್ಲಾ ಬಂದ್ರು ಪ್ರಭಾ" ಎಂದಳು ಅಕ್ಕ. "ಇಪ್ಪತ್ತೊಂಬತ್ತು."

ನನಗೂ ಅಷ್ಟೇ ಬಂದಿತ್ತು. ಆದರೂ ನಾನು ಮೊದಲಿನಿಂದ ಎಣಿಸಿದೆ. ಈ ಸಲ ರತ್ನಾಬಾಯಿಯಿಂದ ಶುರುಮಾಡಿ, ಒಬ್ಬೊಬ್ಬರ ತಲೆಯನ್ನೂ ಕೈಯಿಂದ ಮುಟ್ಟಿ ಎಣಿಸಿದೆ. ಗಾರೆ ಕೆಲಸದವನು ನಾಚಿಕೊಂಡು ತಲೆ ಬಗ್ಗಿಸಿದ. ಆರಾಧ್ಯರ ಬೋಳುತಲೆ ಬಿಸಿಯಾಗಿತ್ತು. ಕೊನೆಗೆ ಅಕ್ಕನ ತಲೆ ಮುಟ್ಟಿ ಇಪ್ಪತ್ತೊಂಬತ್ತು ಎಂದೆ. ಕೈ ತೆಗೆಯಲಾಗಲಿಲ್ಲ, ಅಲ್ಲೇ ಇಟ್ಟುಕೊಂಡು ನಿಂತೆ.